ಬಿಸಿಲಿರುವಾಗ ಕಣ ಖಾಲಿ ಇರಬಾರದು

ಕ್ಲಬ್ಬಿನ ಸೆಕ್ರೆಟರಿ ಫೋನ್ ಮಾಡಿದಾಗ ನಾನು ಆಂಥೂರಿಯಂ ಕುಂಡಗಳಿಗೆ ನೀರು ಹಾಕುತ್ತಿದ್ದೆ.

“ಮೇಡಂ, ನಿಮ್ಮ ಕಸಿನ್‌ಗೆ ಸನ್ಮಾನ ಇಟ್ಕೊಂಡಿದೀವಿ. ಪರಿಚಯದ ಭಾಷಣ ನೀವೇ ಮಾಡ್ಬೇಕು. ನಿಮ್ಮಷ್ಟು ಚಂದ ಇಂಗ್ಲಿಷ್ ಮೂಡಿಗೆರೆಲಿ ಇನ್ಯಾರಿಗೆ ಬರುತ್ತೆ ಹೇಳಿ?”

ಬರುತ್ತದೆ, ಚಂದವಾಗಿಯೇ ಬರುತ್ತದೆ. ಆ ಇಂಗ್ಲಿಷ್ ಇಟ್ಟುಕೊಂಡು ನಾನು ಇಷ್ಟು ವರ್ಷ ಮಾಡಿದ್ದೆಂದರೆ ಫ್ಲವರ್ ಶೋಗಳಲ್ಲಿ ಪ್ರೈಜ್ ಲಿಸ್ಟ್ ಓದಿದ್ದು. ಅವನು ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿಯೇ ಒಂದು ಏರ್‌ಲೈನ್ ಕಟ್ಟಿದ.

ಅವನು ನನ್ನ ಚಿಕ್ಕಮ್ಮನ ಮಗ, ನನಗಿಂತ ಐದು ವರ್ಷ ಚಿಕ್ಕವನು. ಕ್ರಿಸ್ಮಸ್ ರಜೆ ಬಂತೆಂದರೆ ನಾನು ಚಿಕ್ಕಮಗಳೂರಿನ ಕಾನ್ವೆಂಟ್ ಹಾಸ್ಟೆಲಿನಿಂದ, ಅವನು ಕಳಸದಿಂದ, ಗೋಣಿಬೀಡಿನ ಹತ್ತಿರದ ನಮ್ಮ ತೋಟಕ್ಕೆ ಬಂದು ಸೇರುತ್ತಿದ್ದೆವು. ಕಾಫಿ ಕೊಯ್ಲಿನ ಕಾಲ ಅದು. ನನಗೆ ಹದಿನೇಳಾದ ವರ್ಷ, ಒಣಗಿಸುವ ಕಣದ ಉಸ್ತುವಾರಿ ನೋಡುತ್ತಿದ್ದ ರೈಟರು ಟೈಫಾಯ್ಡ್ ಬಂದು ಮಲಗಿದರು. ಅಪ್ಪ ಪೇಪರ್ ಬಿಟ್ಟು ಜಗಲಿಯಿಂದ ಇಳಿಯುವವರಲ್ಲ. ಹಾಗಾಗಿ ಕಣ ನನ್ನ ಪಾಲಿಗೆ ಬಂತು.

ಅಲ್ಲಿ ನಡೆಯುತ್ತಿದ್ದ ತಪ್ಪು ನನಗೆ ಮೊದಲ ದಿನವೇ ಕಂಡಿತು. ಒಣಗಿದ ಕಾಫಿಯನ್ನೆಲ್ಲ ರಾಶಿ ಮಾಡಿ, ಚೀಲ ತುಂಬಿ, ಬಾಯಿ ಹೊಲಿದು, ಎಲೆಯಡಿಕೆ ಹಾಕಿಕೊಂಡು, ಆಮೇಲೆ ಗುಡಿಸಿ, ಅದಾದ ಮೇಲೆ ಹಸಿ ಕಾಫಿ ಹೊತ್ತು ತರುವುದು. ಅಷ್ಟರಲ್ಲಿ ಒಳ್ಳೆಯ ಬಿಸಿಲೆಲ್ಲ ಬರಿ ನೆಲಕ್ಕೆ ಬಿದ್ದು ಹೋಗಿರುತ್ತಿತ್ತು. ನಾನು ಹಸಿ ಕಾಫಿಯ ಬುಟ್ಟಿಗಳನ್ನು ಮುಂಚೆಯೇ ತರಿಸಿ ಕಣದ ಅಂಚಿಗೆ ಇಡಿಸಿದೆ. ಇಬ್ಬರು ಒಂದು ತುದಿಯಿಂದ ಬಾಚುತ್ತಾ ಹೋಗಬೇಕು, ಅವರ ಹಿಂದೆಯೇ ಇಬ್ಬರು ಗುಡಿಸಬೇಕು, ಅವರ ಬೆನ್ನಿಗೆ ಇನ್ನಿಬ್ಬರು ಹರವಬೇಕು.

“ಸಣ್ಣಮ್ಮ ನಮ್ಮನ್ನ ರೈಲು ಡಬ್ಬಿ ಮಾಡಿದ್ರು ನೋಡ್ರೇ!” ಎಂದು ಹೆಂಗಸರು ನಗುತ್ತಿದ್ದರು.

ನಾನು ಅಪ್ಪನ ದೊಡ್ಡ ಕರಿ ಕೊಡೆ ಹಿಡಿದು ನಡುವೆ ನಿಂತು ಕೂಗುತ್ತಿದ್ದೆ: “ಬಿಸಿಲಿರೋವಾಗ ಕಣ ಖಾಲಿ ಇರ್ಬಾರ್ದು!” ಇವನು ಕಟ್ಟೆಯ ಮೇಲೆ ಕುಳಿತು ಕಿತ್ತಳೆ ತಿನ್ನುತ್ತಾ ನೋಡುತ್ತಿದ್ದ. ನೋಡುವುದೊಂದೇ ಅವನ ಕೆಲಸ.

ಪೈಲಟ್ ಆಗಬೇಕೆಂದು ಸ್ಕೂಲ್ ಮ್ಯಾಗಜೀನಿನಲ್ಲಿ ಪ್ರಬಂಧ ಬರೆದವಳು ನಾನು. ಅಪ್ಪ ಅದನ್ನು ಓದಿ, “ಮೊದ್ಲು ಸೀರೆ ಉಟ್ಕೊಂಡು ನೆಟ್ಟಗೆ ನಡಿಯೋದು ಕಲಿ” ಎಂದರು. ಕಲಿತೆ. ಎರಡು ವರ್ಷಕ್ಕೆ ಬಣಕಲ್ ಕಡೆಯ ತೋಟಕ್ಕೆ ಮದುವೆ ಮಾಡಿ ಕೊಟ್ಟರು.

ಅವನು ಇಂಜಿನಿಯರಿಂಗ್ ಓದಿ ಏರ್‌ಪೋರ್ಟಿನಲ್ಲಿ ಲಗೇಜ್ ಹತ್ತಿಸಿ ಇಳಿಸುವವರ ಮೇಲ್ವಿಚಾರಕನಾದ. ವಿಮಾನಗಳು ನೆಲದ ಮೇಲೆ ಗಂಟೆಗಟ್ಟಲೆ ಸುಮ್ಮನೆ ನಿಂತಿರುವುದನ್ನು ಅಲ್ಲಿ ನೋಡಿದನಂತೆ. ನಡುವಯಸ್ಸಿನಲ್ಲಿ ಎರಡು ಸಣ್ಣ ವಿಮಾನ ಬಾಡಿಗೆಗೆ ತಂದು ಸಣ್ಣ ಊರುಗಳಿಗೆ ಹಾರಿಸಿದ. ಊಟವಿಲ್ಲ, ಉಪಚಾರವಿಲ್ಲ, ಟಿಕೆಟ್ ಅಗ್ಗ. ಜನ ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದಂತೆ ಮುಂದಿನಿಂದ ಗುಡಿಸಿಕೊಂಡು ಬರುವುದು, ಆ ಹೊತ್ತಿಗೆ ಮುಂದಿನ ಪ್ರಯಾಣಿಕರು ಕೆಳಗೆ ಸಾಲಾಗಿ ನಿಂತಿರುವುದು. ಟಿವಿಯಲ್ಲಿ ಅದನ್ನು ತೋರಿಸಿದಾಗ ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ಅದು ನನ್ನ ಕಣ!

“ಇದನ್ನೆಲ್ಲ ಎಲ್ಲಿ ಕಲಿತ್ರಿ ಸರ್?” ಎಂದು ಟಿವಿಯವಳು ಕೇಳಿದಳು. ಅವನು ನಕ್ಕು, “ನಮ್ಮ ದೊಡ್ಡಪ್ಪ ಹೇಳ್ತಿದ್ರು, ಬಿಸಿಲಿರೋವಾಗ ಕಣ ಖಾಲಿ ಇರ್ಬಾರ್ದು ಅಂತ” ಎಂದ.

ದೊಡ್ಡಪ್ಪ! ಜಗಲಿ ಇಳಿಯದ ನನ್ನ ಅಪ್ಪ!

“ನಿಂಗೆ ಹೊಟ್ಟೆ ಉರಿ ಮಾರಾಯ್ತಿ” ಎಂದರು ನನ್ನವರು. ಹೌದು, ಉರಿಯೇ. ಮಂಗಳೂರಿನಿಂದ ದೂರದ ಊರುಗಳಿಗೆಲ್ಲ ಅವನ ವಿಮಾನವಿದ್ದರೂ ನಾನು ಮೊಣಕಾಲು ಮರಗಟ್ಟಿಸಿಕೊಂಡು ಬಸ್ಸಿನಲ್ಲೇ ಓಡಾಡಿದೆ. ಅವನು ಆಸೆಬಿದ್ದು ಒಮ್ಮೆಗೇ ಹೆಚ್ಚು ವಿಮಾನ ತಂದ, ಇಂಧನದ ಬೆಲೆ ಏರಿತು, ಕಡೆಗೆ ದೊಡ್ಡ ಕಂಪನಿಯೊಂದಕ್ಕೆ ಎಲ್ಲವನ್ನೂ ಮಾರಿದ. ಆ ಸುದ್ದಿ ಬಂದ ದಿನ ನಾನು ಕೇಸರಿಬಾತ್ ಮಾಡಿದೆ. ನನ್ನವರು ಸುಮ್ಮನೆ ಎರಡು ಸಲ ಹಾಕಿಸಿಕೊಂಡು ತಿಂದರು. ಅವರೀಗ ಇಲ್ಲ; ಇದನ್ನು ಹೇಳಿಕೊಳ್ಳಲು ಇನ್ನು ಸಂಕೋಚವೇನು?

ಸೆಕ್ರೆಟರಿ ಕಳಿಸಿದ ಪರಿಚಯದ ಹಾಳೆಯಲ್ಲೂ ಅದೇ ಇತ್ತು: ಮೊದಲ ಪಾಠ ಕಲಿಸಿದವರು ಪ್ಲಾಂಟರ್ ಆಗಿದ್ದ ಅವರ ದೊಡ್ಡಪ್ಪ. ಅದನ್ನು ನನ್ನ ಬಾಯಿಂದಲೇ ಓದಿಸುವವರಿದ್ದರು. ಅಲ್ಲಿಯವರೆಗೆ ಸುಳ್ಳು ಅವನದಾಗಿತ್ತು, ನಾನು ಓದಿದರೆ ನನ್ನದೂ ಆಗುತ್ತದೆ.

ಸನ್ಮಾನದ ಸಂಜೆ ಕ್ಲಬ್ಬಿನ ವರಾಂಡದಲ್ಲಿ ಅವನು ಒಬ್ಬನೇ ಸಿಕ್ಕಿದ. ಕೂದಲೆಲ್ಲ ಬಿಳಿ, ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ.

“ದೊಡ್ಡಪ್ಪ ಆ ಮಾತು ಹೇಳಿದ್ದು ಯಾವಾಗ ಮಾರಾಯ?” ಎಂದು ಕೇಳಿಯೇ ಬಿಟ್ಟೆ.

“ಕಣದಲ್ಲಿ ನಿಂತು ಕೂಗ್ತಿದ್ರಲ್ಲ ಅಕ್ಕ, ಆ ಕರಿ ಕೊಡೆ ಹಿಡ್ಕೊಂಡು.”

“ಕೊಡೆ ಅಪ್ಪಂದು. ಹಿಡ್ಕೊಂಡಿದ್ದು ನಾನು.”

ಅವನು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. “ಕಿತ್ತಳೆ ತಿನ್ಬೇಡ, ಗಂಟ್ಲು ಕೆಡುತ್ತೆ ಅಂತ ಬೈತಿದ್ದಿದ್ದು?”

“ಅದೂ ನಾನೇ.”

“ಅಯ್ಯೋ ದೇವ್ರೇ” ಎಂದ. “ಕೊಡೆ ಒಂದೇ ನೆನಪಿತ್ತು. ಎಲ್ಲಾ ಕಡೆ ಹಾಗೇ ಹೇಳ್ಕೊಂಡು ಬಂದಿದೀನಲ್ಲ.” ಕದ್ದದ್ದಲ್ಲ ಎಂದು ನನಗೆ ಆಗ ಗೊತ್ತಾಯಿತು. ಸಮಾಧಾನವಾಗುವ ಬದಲು ಇನ್ನಷ್ಟು ಉರಿಯಿತು. ಕದಿಯುವವನು ಯಾರಿಂದ ಕದ್ದೆ ಎಂದಾದರೂ ನೆನಪಿಟ್ಟುಕೊಂಡಿರುತ್ತಾನೆ.

ವೇದಿಕೆಯ ಮೇಲೆ ನಾನು ಹಾಳೆ ಮಡಚಿ, ಮೊದಲ ಪಾಠ ಕಲಿಸಿದ್ದು ತನ್ನ ತಂದೆಯ ಕೊಡೆ ಹಿಡಿದಿದ್ದ ಹದಿನೇಳರ ಒಬ್ಬ ಹುಡುಗಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸೆಕ್ರೆಟರಿ ತಬ್ಬಿಬ್ಬಾಗಿ ತಮ್ಮ ಕೈಯಲ್ಲಿದ್ದ ಪ್ರತಿಯನ್ನು ತಿರುವಿ ನೋಡಿಕೊಂಡರು.

ಅವನು ಮೈಕ್ ಹಿಡಿದ. “ನಮ್ಮ ದೊಡ್ಡ...” ಎಂದು ಅಭ್ಯಾಸದಂತೆ ಶುರುಮಾಡಿ ನಿಲ್ಲಿಸಿದ. “ನಮ್ಮಕ್ಕ ಹೇಳ್ತಿದ್ರು. ಇಲ್ಲೇ ಕೂತಿದಾರೆ ನೋಡಿ. ಇಷ್ಟು ವರ್ಷ ತಪ್ಪು ಹೇಳಿದೆ.” ಜನ ಚಪ್ಪಾಳೆ ತಟ್ಟಿದರು. ನಾನು ಸೆರಗು ಸರಿಮಾಡಿಕೊಂಡೆ.

ಉರಿ ಅಲ್ಲಿಗೇ ಆರಬೇಕಿತ್ತು. ಆದರೆ ಅವನು ಮುಂದುವರಿಸಿ, ವಿಮಾನ ಹಾರಿಸಿದ ಮೊದಲ ದಿನ ಮುದುಕಿಯೊಬ್ಬಳು ಏಣಿಯ ಬುಡದಲ್ಲಿ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ವಿಮಾನ ಹತ್ತಿದ್ದನ್ನು ಹೇಳಿದ. ಅವಳ ಚಪ್ಪಲಿ ಹಿಡಿದುಕೊಂಡು ಮೇಲೆ ಓಡಿದವನು ಇವನೇ ಅಂತೆ. ಆ ಮುದುಕಿಯ ಮುಖ ನೋಡಿದ್ದು ಅವನು, ನಾನಲ್ಲ.

ಹೊರಡುವಾಗ ಕಾರಿನ ಬಾಗಿಲು ಹಿಡಿದು ಕೇಳಿದ: “ಅಕ್ಕ, ನಮ್ಮ ವಿಮಾನದಲ್ಲಿ ಒಂದ್ಸಲನಾದ್ರೂ ಕೂತಿದ್ಯಾ?”

“ಎರಡು ಸಲ” ಎಂದೆ. “ಸೀಟು ತುಂಬಾ ಇಕ್ಕಟ್ಟು.”

ಅವನು ಜೋರಾಗಿ ನಕ್ಕ. ಸುಳ್ಳೆಂದು ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಕಾರು ಗೇಟು ದಾಟುವವರೆಗೂ ನಾನು ಮೊಣಕಾಲು ನೀವಿಕೊಳ್ಳುತ್ತಾ ನಿಂತಿದ್ದೆ.