ಪೊರೆ ಬಿಡಿಸಿದ ಕೈ

ನಮ್ಮ ಬಳಗದಲ್ಲಿ ಮಗು ಹುಟ್ಟಿದರೆ ಮೊದಲು ಬರುವುದು ನನಗೆ ಫೋನು. ಕಾಲು ಚಾಚಿ ಕುಳಿತು, ಎಳೆಮಗುವನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಹೆಸರು ಹಿಟ್ಟು ಹಚ್ಚಿ, ಬಿಸಿನೀರು ಹೊಯ್ಯುವುದು ನನ್ನ ಕೆಲಸ. ಇಲ್ಲಿಯವರೆಗೆ ಹನ್ನೊಂದು ಮಕ್ಕಳನ್ನು ಮೀಯಿಸಿದ್ದೇನೆ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಹನ್ನೊಂದರಲ್ಲಿ ಮೊದಲನೆಯವಳು ಅಕ್ಕನ ಮಗಳು. ಈಗ ಯಲ್ಲಾಪುರದಲ್ಲಿ ಶಾಲೆಯ ಮೇಷ್ಟರಮ್ಮ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಹೆಂಡತಿ ಸೇರಿ ಒಂದು ಹಾವು ತಂದರು. ಕಾರ್ನ್ ಸ್ನೇಕ್ ಅಂತೆ. ವಿಷವಿಲ್ಲ, ನಮ್ಮ ಕಾಡಿನದೂ ಅಲ್ಲ, ಸಾಕುವುದಕ್ಕೆ ಕಾಗದಪತ್ರವೂ ಇದೆ. ಎರಡು ಗೇಣು ಉದ್ದದ, ಕಿತ್ತಳೆ ಬಣ್ಣದ ಮರಿ. ‘ನಾಯಿ ಬೆಕ್ಕು ಸಿಗಲಿಲ್ಲವಾ ನಿಮಗೆ’ ಎಂದು ನಾನು ಎಲ್ಲರೆದುರು ನಗಾಡಿದ್ದೆ. ಗಂಡ ಊರಲ್ಲಿಲ್ಲದಾಗ ಅವಳಿಗೆ ಧಾರವಾಡದಲ್ಲಿ ಹನ್ನೆರಡು ದಿನದ ತರಬೇತಿ ಬಂತು. ಹಾವಿನ ಪೆಟ್ಟಿಗೆ ಶಿರಸಿಯ ನನ್ನ ಮನೆಗೆ ಬಂತು.

“ಪೊರೆ ಬಿಡ ಹೊತ್ತು ಬಂತು ಚಿಕ್ಕಿ. ಕಣ್ಣು ಬೆಳ್ಳಗಾದ್ರೆ ಹೆದ್ರಡ. ಮುಟ್ಟಡ. ಪಾಚಿ ಒಂದು ಒಣಗಕ್ಕೆ ಬಿಡಡ, ಸಾಕು” ಎಂದಳು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಡಬ್ಬಿ, ಅದರ ತುಂಬ ಒದ್ದೆ ಪಾಚಿ. ಆ ತೇವಕ್ಕೆ ಪೊರೆ ಮೆತ್ತಗಾಗಿ ಸಲೀಸಾಗಿ ಕಳಚುವುದಂತೆ.

“ಹನ್ನೊಂದು ಮಕ್ಕಳ ಮೀಯಿಸಿದ್ದೆ. ಎಂಗೆ ಕಲಿಸಡ” ಎಂದೆ.

ಮೂರನೆಯ ದಿನ ಕಣ್ಣು ಹಾಲು ಬಿದ್ದಂತಾಯಿತು. ಮೈ ಬಣ್ಣ ಮಂಕಾಯಿತು. ಹಾವು ಆ ಪಾಚಿಯೊಳಗೇ ಸುರುಳಿಯಾಗಿ ಬಿದ್ದುಕೊಂಡಿತು. ಹೊರಗೆ ಪುಷ್ಯದ ಚಳಿ. ನನಗೆ ನೋಡಲಾಗಲಿಲ್ಲ. ಎಳೆಯದನ್ನು ಥಂಡಿಯಲ್ಲಿ ಇಡುವ ಬಾಣಂತನ ಯಾವ ಊರಿನದು? ಪಾಚಿಯನ್ನು ಎತ್ತಿ ಹಿತ್ತಿಲಿಗೆ ಎಸೆದು, ತೊಳೆದು ಒಣಗಿಸಿದ ಹಳೆಯ ಸೀರೆಯ ತುಂಡನ್ನು ಮೆತ್ತಗೆ ಹಾಸಿದೆ. ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಸರಿಸಿದೆ. ಸಂಜೆ ಅವಳು ಫೋನು ಮಾಡಿ ಪಾಚಿ ಒದ್ದೆ ಇದೆಯಾ ಎಂದು ಕೇಳಿದಾಗ ಇದೆ ಎಂದೆ. ಅದು ಮೊದಲ ಸುಳ್ಳು.

ಕಣ್ಣು ತಿಳಿಯಾಯಿತು, ಆದರೆ ಪೊರೆ ಬರಲಿಲ್ಲ. ಅಲ್ಲಲ್ಲಿ ಒಣಗಿ, ಬಿರಿದು, ಚೂರುಚೂರಾಗಿ ಮೈಗೆ ಅಂಟಿಕೊಂಡಿತು. ಹಾವು ಮೂತಿಯನ್ನು ಪೆಟ್ಟಿಗೆಯ ಅಂಚಿಗೆ ಉಜ್ಜುತ್ತಲೇ ಇತ್ತು. ಹತ್ತನೆಯ ದಿನ ನನಗೆ ಹೆದರಿಕೆ ಹುಟ್ಟಿತು. ಫೋನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ. ಹೇಳಿದರೆ ಪಾಚಿ ಎಸೆದದ್ದನ್ನೂ ಹೇಳಬೇಕಾಗುತ್ತಿತ್ತು. ಅವಳು ಬರುವಷ್ಟರಲ್ಲಿ ಎಲ್ಲ ಸರಿಮಾಡಿಬಿಡುತ್ತೇನೆ ಎಂದುಕೊಂಡೆ. ನನಗೆ ಗೊತ್ತಿದ್ದದ್ದು ಒಂದೇ ದಾರಿ.

ಮಧ್ಯಾಹ್ನ ಊಟವಾದ ಮೇಲೆ ತೆಂಗಿನೆಣ್ಣೆ ಬೆಚ್ಚಗೆ ಮಾಡಿಕೊಂಡು ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತೆ. ಮರಿಯನ್ನು ಅಂಗೈಯಲ್ಲಿ ಹಿಡಿದು ತಲೆಯಿಂದ ಬಾಲದವರೆಗೆ ಎಣ್ಣೆ ಹಚ್ಚಿದೆ. ಹೆಸರು ಹಿಟ್ಟು ಕಲಸಿ ಮೃದುವಾಗಿ ತಿಕ್ಕಿದೆ. ಕೈಗೆ ಹದವೆನಿಸಿದ ನೀರು ಹೊಯ್ದೆ. ಹಾವಿನ ಮೈಗೆ ಆ ಹದ ಎಷ್ಟು ಬಿಸಿಯೋ ನನಗೇನು ಗೊತ್ತು? ಅದು ಒಮ್ಮೆ ಜೋರಾಗಿ ಹೊರಳಿತು, ಆಮೇಲೆ ಬೆರಳಿಗೆ ಸುತ್ತಿಕೊಂಡಿತು. ಪೊರೆ ಬಂತು, ಬೆನ್ನಿನದು, ಹೊಟ್ಟೆಯದು, ಒಳ್ಳೆ ಈರುಳ್ಳಿ ಸಿಪ್ಪೆಯಂತೆ. ನನ್ನ ಜಂಬ ಮತ್ತೆ ಚಿಗುರಿತು. ಎಡಗಣ್ಣಿನ ಮೇಲೆ ಮಾತ್ರ ಒಂದು ಚೂರು ಉಳಿದಿತ್ತು. ಮಕ್ಕಳ ಕಣ್ಣಿನ ಪಿಸುರು ತೆಗೆಯುವ ಹಾಗೆ ಹೆಬ್ಬೆರಳಿನಿಂದ ಒತ್ತಿ ಎಳೆದೆ.

ಬರಲಿಲ್ಲ. ಇನ್ನೊಮ್ಮೆ ಎಳೆದೆ. ಬಂತು, ಜೊತೆಗೆ ರಕ್ತದ ಒಂದು ಹನಿಯೂ ಬಂತು. ಮಗುವಾಗಿದ್ದರೆ ಮೊದಲ ಸಲಕ್ಕೇ ಚೀರುತ್ತಿತ್ತು, ನಾನು ಕೈ ತೆಗೆಯುತ್ತಿದ್ದೆ. ಹಾವಿಗೆ ಚೀರಲು ಬರುವುದಿಲ್ಲ. ಅದರ ಮೌನವನ್ನೇ ನಾನು ಒಪ್ಪಿಗೆ ಎಂದುಕೊಂಡಿದ್ದೆ.

ಅವಳು ಬಂದು ನೋಡಿದಾಗ ಎಡಗಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. “ತನ್ನಷ್ಟಕ್ಕೇ ಬಿಡ್ತು. ಒಂದು ಕಣ್ಣು ಮಾತ್ರ ಎಂತೋ ಮಂಜಾದಾಂಗೆ ಕಾಣ್ತು” ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಮರುದಿನವೇ ಹಾವನ್ನು ತೋರಿಸಲು ಹುಬ್ಬಳ್ಳಿಗೆ ಹೊರಟಳು. ಜೊತೆಗೆ ನಾನೂ ಹೋದೆ, ಬಿಟ್ಟಿರಲು ಧೈರ್ಯವಿರಲಿಲ್ಲ. ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣು ಹೋಗಿದೆ, ಹಾವು ಉಳಿಯುತ್ತದೆ ಎಂದರು. ಆಮೇಲೆ ಕೇಳಿದರು: “ಯಾರರ ಪೊರಿ ಎಳದಾರೇನ್ರಿ ಇದರದು?”

“ಇಲ್ಲ ಸರ್” ಎಂದಳು ಅವಳು, ನನ್ನ ಕಡೆ ತಿರುಗಿಯೂ ನೋಡದೆ. “ನಮ್ಮ ಚಿಕ್ಕಿ ಹತ್ರ ಇತ್ತು. ಅವರ ಕೈಲಿದ್ರೆ ಹಾಗೆಲ್ಲ ಆಗೋದಿಲ್ಲ. ನನ್ನನ್ನೂ ಮೀಯಿಸಿದ ಕೈ ಅದು.”

ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. “ಎನ್ನ ತಪ್ಪು ಚಿಕ್ಕಿ. ಇಂಥ ಹೊತ್ತಲ್ಲಿ ಬಿಟ್ಟಿಕ್ಕಿ ಹೋದೆ” ಎಂದಳು. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

“ಕೂಸೇ, ಆನೇ ಎಳದದ್ದು, ಈ ಕೈಲೇ” ಎಂದೆ. ಪಾಚಿ, ಸೀರೆ ತುಂಡು, ಎಣ್ಣೆ, ಬಿಸಿನೀರು, ಎಲ್ಲ ಹೇಳಿದೆ. ಅವಳು ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ನಾನೂ ಎರಡು ಮಾತಾಡಿ, ಅತ್ತು, ಹಗುರಾಗುತ್ತಿದ್ದೆನೇನೋ. ಅವಳು ಕಿಟಕಿಯ ಕಡೆ ತಿರುಗಿದವಳು ಯಲ್ಲಾಪುರದವರೆಗೂ ಹಾಗೇ ಇದ್ದಳು.

ಆಮೇಲೆ ಜಗಳವೇನೂ ಆಗಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಫೋನು ಮಾಡುತ್ತಾಳೆ. ಹಾವು ಒಂದೇ ಕಣ್ಣಿನಲ್ಲಿ ತಿಂದುಕೊಂಡು ಬೆಳೆಯುತ್ತಿದೆಯಂತೆ. ಈಗ ಅವಳು ಏಳು ತಿಂಗಳ ಬಸುರಿ. ಹೋದ ವಾರ ಸಿದ್ದಾಪುರದಿಂದ ಅಕ್ಕ ಫೋನು ಮಾಡಿದಳು. ಮಗುವನ್ನು ಮೀಯಿಸಲು ಕಾನಸೂರಿನ ಕಡೆಯ ಯಾರನ್ನೋ ಗೊತ್ತುಮಾಡಿದ್ದಾರಂತೆ. ಚಿಕ್ಕಿಯನ್ನೇ ಕರೆಯೋಣ ಎಂದು ಅಕ್ಕ ಹೇಳಿದ್ದಕ್ಕೆ ಮಗಳು, “ಬೇಡ ಆಯಿ, ಚಿಕ್ಕಿಗೆ ಮಂಡಿ ನೋವು, ಪಾಪ, ಕೂರಕ್ಕೆ ಆಗ್ತಿಲ್ಲೆ” ಎಂದಳಂತೆ.

“ಯಾವಾಗಿಂದ ನೋವು? ಎಂಗೆ ಹೇಳಿದ್ದೇ ಇಲ್ಲೆ” ಎಂದು ಅಕ್ಕ ಕೇಳಿದಳು.

ನನ್ನ ಮಂಡಿಗೆ ಏನೂ ಆಗಿಲ್ಲ. ಚಳಿ ಶುರುವಾದಾಗಿನಿಂದ ಎಂದು ಹೇಳಿದೆ.