ಎರಡೂವರೆ ತಾಸಿನ ದಾರಿ

ನಾಸಿಕ್ ರೋಡಿನಲ್ಲಿ ನಮ್ಮ ಪಕ್ಕದ ಮನೆಯ ಮಲ್ಲಮ್ಮ ಬೀದರ್ ಕಡೆಯವಳು. ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಸಂಸಾರ ನಡೆಸಿದವಳು. ಅವಳ ತಾಯಿ ಚನಬಸವ್ವ ಆಗಾಗ ಬಂದು ಇರುತ್ತಿದ್ದಳು. ಮೈಲಿಗೆ ಕೈಯಲ್ಲಿ ನೀರಿನ ಚೆಂಬನ್ನೂ ಮುಟ್ಟದ ಮುದುಕಿ. ಮಗಳ ಹತ್ತಿರ ಅವಳು ಕೇಳಿಕೊಂಡಿದ್ದು ಒಂದೇ ಮಾತು: "ನಾರೂಕಿಂತ ಮೊದ್ಲ ನನ್ನ ಮಣ್ಣಾಗ ಇಡು ಮಗಳ."

ಅವಳು ತೀರಿಕೊಂಡಿದ್ದು ಔರಂಗಾಬಾದಿನ ಚಿಕಲಠಾಣಾದಲ್ಲಿ, ಕಿರಿಮಗ ಗುರುಪ್ರಸಾದನ ಮನೆಯಲ್ಲಿ, ಸುಡುಸುಡು ಮೇ ತಿಂಗಳ ಬೆಳಗಿನಲ್ಲಿ. ಸುದ್ದಿ ಬಂದ ಕೂಡಲೇ ಮಲ್ಲಮ್ಮನ ಜೊತೆ ನಾನೂ ಬಸ್ಸು ಹತ್ತಿದೆ. ನಾವು ಹೋಗುವಷ್ಟರಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಕುಣಿಯೂ ತೋಡಿ ಆಗಿತ್ತು. ಮಣ್ಣು ಕೊಡುವುದಷ್ಟೇ ಬಾಕಿ.

ಆದರೆ ಹಿರಿಮಗ ಚನಬಸಪ್ಪ ಗುವಾಹಟಿಯಲ್ಲಿ ದೊಡ್ಡ ಸಾಹೇಬ. ವಿಮಾನದಲ್ಲಿ ಬರುತ್ತೇನೆ, ನಾನು ಬರದೆ ಮಣ್ಣು ಕೊಡಬೇಡಿ ಎಂದು ಫೋನು ಮಾಡಿದ್ದ. ಗುರುಪ್ರಸಾದನ ಎದುರುಮನೆಯ ಮಧುಕರ, ಬ್ಯಾಂಕಿನವನು, ಕಂಪ್ಯೂಟರಿನಲ್ಲಿ ಹುಡುಕಿ ಸಾರಿಬಿಟ್ಟ: ಸಾವಿರದ ಎಂಟುನೂರು ಕಿಲೋಮೀಟರ್, ವಿಮಾನಕ್ಕೆ ಎರಡೂವರೆ ತಾಸು. ನೆರೆದವರೆಲ್ಲ ತಲೆದೂಗಿದರು. ಅಂಥ ವಿಮಾನ ಇದೆಯೇ ಎಂದು ಒಬ್ಬನಾದರೂ ಕೇಳಬೇಡವೇ?

ಇರಲಿಲ್ಲ. ಅದು ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದು ಹಾಕಿದ ಲೆಕ್ಕ. ಸಾಹೇಬ ಕೋಲ್ಕತ್ತಾದಲ್ಲಿ ಇಳಿಯಬೇಕು, ಕಾಯಬೇಕು, ಮುಂಬೈಗೆ ಬರಬೇಕು, ಮರುದಿನ ಇತ್ತ ಹೊರಡಬೇಕು. ಇದು ತಿಳಿದಾಗ ಸಂಜೆಯಾಗಿತ್ತು. ಈಗಲಾದರೂ ಮುಗಿಸೋಣ ಎಂದು ಮಲ್ಲಮ್ಮ ತಮ್ಮನನ್ನು ಅಂಗಲಾಚಿದಳು. ಅಣ್ಣ ಬಯ್ಯುತ್ತಾನೆ ಎಂದು ಅವನು ಮುಖ ತಿರುಗಿಸಿದ. ತಾಯಿಗಿಂತ ಅಣ್ಣನ ಬೈಗುಳ ದೊಡ್ಡದಾಯಿತು, ಥೂ.

ಆಮೇಲೆ ಯಾರಿಗೋ ಬುದ್ಧಿ ಬಂದು ಶವ ಇಡುವ ಐಸ್ ಪೆಟ್ಟಿಗೆ ತರಿಸಿದರು. ಅದು ಮಲಗಿದ ಹೆಣಕ್ಕೆ ಮಾಡಿದ್ದು. ಚನಬಸವ್ವ ಕೂತಲ್ಲೇ ಸೆಟೆದಿದ್ದಳು. ಕಾಲು ಹಿಡಿದು ಒತ್ತಿದರೆ ನೆಟ್ಟಗಾಗುತ್ತದೆ ಎಂದು ಒಬ್ಬ ಹಿರಿಯ ಮುಂದೆ ಬಂದ. ಮಲ್ಲಮ್ಮ ತಾಯಿಗೆ ಅಡ್ಡ ನಿಂತಳು. ಕೊನೆಗೆ ಸುತ್ತ ಐಸ್ ಗಡ್ಡೆ ಜೋಡಿಸಿದರು. ಅವೂ ಕರಗಿ ನೀರು ಹೊಸಿಲು ದಾಟಿ ಹರಿಯಿತು.

ಬೆಳಗಾಗುವಷ್ಟರಲ್ಲಿ ವಾಸನೆ. ಅತ್ತರು ಸುರಿದರು, ಇನ್ನಷ್ಟು ಹೇಸಿಗೆಯಾಯಿತು. ಮಣ್ಣಿಗೆ ಬಂದ ಬಳಗವೆಲ್ಲ ಅಂಗಳಕ್ಕೆ ಸರಿದು ಚಹಾ ಕುಡಿಯುತ್ತ ಕೂತಿತು. ನಾನೂ ಹೊರಗೇ ಇದ್ದೆ, ನನಗೆ ಓಕರಿಕೆ ತಡೆಯಲಾಗಲಿಲ್ಲ. ಮಲ್ಲಮ್ಮ ಮಾತ್ರ ಒಳಗೆ ಕೂತು ಒದ್ದೆ ಬಟ್ಟೆಯಿಂದ ತಾಯಿಯ ಮುಖ ಒರೆಸುತ್ತಲೇ ಇದ್ದಳು.

ಸಾಹೇಬನ ಕಾರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಎಲ್ಲರೂ ಎದ್ದು ದಾರಿ ಬಿಟ್ಟರು. ಅವನು ಹೊಸಿಲ ಮೇಲೆ ಒಂದು ಕಾಲಿಟ್ಟು ಅಲ್ಲೇ ನಿಂತ. ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

ಮಲ್ಲಮ್ಮ ಎದ್ದು ಹೋಗಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಮೂಗು ಮುಚ್ಚಬ್ಯಾಡ್ರಿ ಅಣ್ಣಾ," ಎಂದಳು. "ನಿಮ್ಮ ಸಲುವಾಗೇ ಅವ್ವ ನಾರ್‍ಯಾಳ."