ತಪಾಸಣೆಯ ದಿನ ಬಾಳೂರಿಗೆ ಹೋಗಿದ್ದ ಇಂಜಿನ್

ನಮ್ಮ ಪಾಲಿಟೆಕ್ನಿಕ್ಕಿನ ಮಾನ್ಯತೆಗೆ ತಪಾಸಣೆ ನಡೆಯುವ ಹಿಂದಿನ ದಿನ ವರ್ಕ್‌ಶಾಪನ್ನು ಬರಿದು ಮಾಡಿಸಿದ ಪುಣ್ಯಾತ್ಮ ನಾನೇ. ಇವತ್ತು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾವುದೋ ಎಸ್ಟೇಟ್ ಜೀಪಿನಿಂದ ಡೀಸೆಲ್ಲೂ ಕಾಫಿಹಣ್ಣಿನ ಸಿಪ್ಪೆಯೂ ಬೆರೆತ ವಾಸನೆ ಬಂತು ನೋಡಿ, ಇನ್ನಾದರೂ ಒಪ್ಪಿಕೊಂಡುಬಿಡೋಣ ಅನ್ನಿಸಿತು.

ಆಗ ತೊಂಬತ್ತರ ದಶಕದ ಕೊನೆ. ನಮ್ಮ ಖಾಸಗಿ ಕಾಲೇಜು ಹುಟ್ಟಿದ್ದು ಹಳೆಯ ಕಾಫಿ ಗೋದಾಮಿನಲ್ಲಿ. ಎಷ್ಟು ಸುಣ್ಣ ಬಳಿದರೂ ಗೋಡೆಗಳು ತಾವು ಗೋದಾಮು ಎಂಬುದನ್ನು ಮರೆತಿರಲಿಲ್ಲ. ಸ್ವಂತ ಯಂತ್ರಗಳು ಕಡಿಮೆ. ಆದರೆ ಕೊಯ್ಲು ಶುರುವಾಯಿತೆಂದರೆ ಎಸ್ಟೇಟಿನವರು ಹಣ್ಣು ಸುಲಿಯುವ ಪಲ್ಪರಿನ ಕೆಟ್ಟ ಇಂಜಿನ್ನುಗಳನ್ನು ತಂದಿಳಿಸುತ್ತಿದ್ದರು. ಅವನ್ನು ಬಿಚ್ಚಿ ಜೋಡಿಸುವುದೇ ನಮ್ಮ ಪ್ರಾಕ್ಟಿಕಲ್. ಆಗ ಕಟ್ಟೆಯ ಮೇಲಿದ್ದದ್ದು ಬಾಳೂರಿನ ಎಸ್ಟೇಟ್ ಸಾಹುಕಾರರ ಇಂಜಿನ್ನೊಂದೇ. ಅದು ರಿಪೇರಿಯಾಗಿ ನಾಲ್ಕು ದಿನವಾಗಿದ್ದರೂ, "ತಪಾಸಣೆ ತಂಡದವ್ರಿಗೆ ತೋರ್ಸೋಕಿರ್ಲಿ" ಎಂದು ಪ್ರಿನ್ಸಿಪಾಲರು ತಡೆದಿಟ್ಟಿದ್ದರು. ಮಾನ್ಯತೆ ಸಿಗದಿದ್ದರೆ ಮುಂದಿನ ವರ್ಷ ಕಾಲೇಜಿಗೆ ಬೀಗ.

ಎಲ್ಲರ ದನಿಯನ್ನೂ ಅಣಕಿಸುವ ಚಟ ನನ್ನದು. ನನ್ನ ಸ್ವಂತ ದನಿ ಯಾವುದೆಂದು ಅಮ್ಮನಿಗೂ ಅನುಮಾನವಿತ್ತು. ತಪಾಸಣೆಯ ಹಿಂದಿನ ಸಂಜೆ ತಮಾಷೆಗೆಂದು ಎಸ್‌ಟಿಡಿ ಬೂತಿಗೆ ನುಗ್ಗಿ, ಸಾಹುಕಾರರ ಗಂಟಲಲ್ಲಿ ವರ್ಕ್‌ಶಾಪಿನ ಚಂದ್ರಪ್ಪ ಮೇಷ್ಟ್ರಿಗೆ ಫೋನ್ ಮಾಡಿದೆ.

"ಏನ್ ಮೇಷ್ಟ್ರೇ, ಇಲ್ಲಿ ಹಣ್ಣು ಕೊಳೀತಾ ಬಿದ್ದಿದೆ. ಇಂಜಿನ್ ಕಳಿಸ್ತೀರೋ, ನಾನೇ ಬರ್ಲೋ?"

"ಈಗ್ಲೇ ಕಳಿಸ್ದೆ" ಎಂದರು. ಬೆಳಿಗ್ಗೆ ನೋಡಿದರೆ ನಿಜಕ್ಕೂ ಕಳಿಸಿಬಿಟ್ಟಿದ್ದರು!

ತಂಡದ ಹಿರಿಯರು ಖಾಲಿ ಕಟ್ಟೆ ನೋಡಿ, "ಹುಡುಗ್ರು ಕಲಿಯೋದು ಯಾವ್ದ್ರ ಮೇಲೆ?" ಎಂದರು. ಪ್ರಿನ್ಸಿಪಾಲರು ಬೆವೆತರು. ಮೇಷ್ಟ್ರು ಮಾತ್ರ ತಣ್ಣಗೆ, "ಅದು ಬಾಳೂರಲ್ಲಿ ಓಡ್ತಾ ಇದೆ ಸಾರ್. ಜೀಪು ಹತ್ತಿ, ತೋರಿಸ್ತೀನಿ" ಎಂದರು.

ನಾವೂ ಹಿಂದೆ ನೇತಾಡಿಕೊಂಡು ಹೋದೆವು. ಅಲ್ಲಿ ಇಂಜಿನ್ ಗುಡುಗುಡು ಎನ್ನುತ್ತಿತ್ತು. ಹಿರಿಯರು ಅದನ್ನು ನಿಲ್ಲಿಸಿ, ಗುಂಪಿನಲ್ಲಿ ಅವಿತಿದ್ದ ನನ್ನನ್ನೇ ಕರೆದು, "ಇಂಜೆಕ್ಟರ್ ಬಿಚ್ಚು. ಮತ್ತೆ ಜೋಡ್ಸು" ಎಂದರು. ಅಲ್ಲಿ ಯಾರ ದನಿಯೂ ನೆರವಿಗೆ ಬರುವಂತಿರಲಿಲ್ಲ; ಡೀಸೆಲ್ ಚಿಮ್ಮಿಸುವ ಆ ಭಾಗವನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಹ್ಯಾಂಡಲ್ ತಿರುಗಿಸಿದೆ. ಇಂಜಿನ್ ಒಮ್ಮೆ ಕೆಮ್ಮಿತು, ಎರಡನೇ ಸಲಕ್ಕೆ ಹೊತ್ತಿಕೊಂಡಿತು. ತಿಂಗಳೆರಡರಲ್ಲಿ ಮಾನ್ಯತೆಯ ಪತ್ರವೂ ಬಂತು.

ಈಗ ಅದೇ ವರ್ಕ್‌ಶಾಪಿನಲ್ಲಿ ನಾನು ಮೇಷ್ಟ್ರು. ನನ್ನನ್ನು ಅಣಕಿಸುವ ಹುಡುಗರೇ ಒಂದು ಬೆಂಚು ತುಂಬ ಇದ್ದಾರೆ. ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಆ ಜೀಪಿನಿಂದ ಇಳಿದವರು ಬೇರಾರೂ ಅಲ್ಲ, ನಿವೃತ್ತರಾದ ಚಂದ್ರಪ್ಪ ಮೇಷ್ಟ್ರೇ. ಧೈರ್ಯ ಮಾಡಿ ಎಲ್ಲ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ನಿನ್ ದನಿ ಅಂತ ಆಗ್ಲೇ ಗೊತ್ತಿತ್ತು ಮಾರಾಯ" ಎಂದರು. "ಸಾಹುಕಾರ್ರಿಗೆ ಕೇಳೋಕೆ ಸಂಕೋಚ, ನಂಗೆ ಕಳ್ಸೋಕೆ ಪ್ರಿನ್ಸಿಪಾಲರ ಭಯ. ನಮ್ಮಿಬ್ರ ಪರವಾಗಿ ನೀನೊಬ್ನಾದ್ರೂ ಬಾಯಿ ಬಿಟ್ಯಲ್ಲ, ಸುಮ್ನಿರು."